ಭೈರಮ್ಮನ ಮೀಸಲು ಕಾಯಿ

ಭೈರಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನ ಕಥೆ ಕೇಳಿದರೆ ಯಾರಿಗಾದರೂ ಹಾಗನ್ನಿಸೀತು. ದಬ್ಬೇಘಟ್ಟದಲ್ಲಿ ಬಸ್ಸಿಳಿದು ತೋಟದ ನಡುವಿನ ಗಾಡಿದಾರಿಯಲ್ಲಿ ಒಂದಷ್ಟು ದೂರ ನಡೆದರೆ ಸಿಗುವ ಆ ಹಳ್ಳಿಯಲ್ಲಿ ಅವಳಷ್ಟು ಬೇಗ ಏಳುವ, ಅವಳಷ್ಟು ಚೊಕ್ಕಟವಾಗಿ ಅಂಗಳ ಸಾರಿಸುವ, ಅವಳಷ್ಟು ಭಯಭಕ್ತಿಯಿಂದ ದೀಪ ಹಚ್ಚುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಊರಿನವರ ಮೇಲೆಲ್ಲ ಅಲ್ಲ. ಒಬ್ಬಳ ಮೇಲೆ, ತನ್ನ ವಾರಗಿತ್ತಿ ಚಿಕ್ಕಗೌರಮ್ಮನ ಮೇಲೆ.

ಭೈರಮ್ಮ ಆ ಮನೆಯ ಹಿರಿಸೊಸೆ. ಗಂಡ ಶ್ರೀರಂಗಯ್ಯ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ರಜಾ ಸಿಕ್ಕ ದಿನ ಮನೆಗೆ ಬರುತ್ತಿದ್ದ. ತೋಟದ ಕೆಲಸವೆಲ್ಲ ಮೈದುನ ಗಂಗಯ್ಯನದು. ಚಿಕ್ಕಗೌರಮ್ಮ ಅವನ ಹೆಂಡತಿ. ಎಲ್ಲರಿಗೂ ಒಂದೇ ಒಲೆ, ಎಲ್ಲರ ಮೇಲೂ ಅತ್ತೆ ಹುಚ್ಚಕ್ಕ. ಭೈರಮ್ಮನ ತಂದೆ ಕೆಂಪಯ್ಯ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸದಲ್ಲಿದ್ದವನು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ನೀರಿದೆಯೋ, ಒಣಗಿದ ಕೊಬ್ಬರಿಯಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತಿದ್ದ. ಆ ಕಿವಿ ಮಗಳಿಗೂ ಬಂದಿತ್ತು. ಚಿಕ್ಕಗೌರಮ್ಮನಿಗೆ ಅಂಥದ್ದೇನೂ ಬಂದಿರಲಿಲ್ಲ. ಬೋರನಕಣಿವೆ ಕಡೆಯ ಬಡವರ ಮನೆ ಹುಡುಗಿ. ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಮರೆಯುವವಳು, ಮರೆತೆ ಎಂದು ತಾನೇ ನಗುವವಳು.

ಇಂಥವಳ ಮೇಲೆ ಹೊಟ್ಟೆಕಿಚ್ಚು ಯಾಕೆ? ಅದಕ್ಕೆ ಆ ಮನೆಯ ದೇವರ ವಿಷಯ ಹೇಳಬೇಕು.

ಮನೆದೇವರು ತೋಪಿನಮ್ಮ. ತೋಟದ ಅಂಚಿನಲ್ಲಿ ಹೊಂಗೆಮರದ ಬುಡದಲ್ಲಿ ಕೂತವಳು. ಯುಗಾದಿ ಕಳೆದ ಮೊದಲ ಮಂಗಳವಾರ ಅವಳ ದಿನ. ಆ ದಿನ ಮನೆಯ ಹೆಂಗಸೊಬ್ಬಳು ಒಂದಿಷ್ಟು ತೆಂಗಿನಕಾಯಿಯನ್ನು ಅಮ್ಮನ ಹೆಸರಲ್ಲಿ ಅಟ್ಟಕ್ಕೇರಿಸಬೇಕು. ಅದೇ ಮೀಸಲು. ಸಿಪ್ಪೆ ಸಮೇತ ಕಾಯಿ ಅಲ್ಲೇ ಬಿದ್ದಿದ್ದು, ನೀರು ತಾನಾಗಿ ಒಳಗೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವುದಕ್ಕೆ ಹೆಚ್ಚುಕಮ್ಮಿ ವರ್ಷ ಹಿಡಿಯುತ್ತದೆ. ಮುಂದಿನ ವರ್ಷ ಅಮ್ಮನ ದಿನ ಅದನ್ನು ಇಳಿಸಿ, ಒಡೆದು, ದಾಯಾದಿಗಳ ಮನೆಮನೆಗೂ ಚೂರು ಹಂಚಬೇಕು. ಇದಕ್ಕೆ ಅಮ್ಮನ ಕಟ್ಟಲೆ ಒಂದುಂಟು: ಅಟ್ಟಕ್ಕೇರಿಸಿದ ಮೀಸಲನ್ನು ಯಾರೂ ಅಲ್ಲಾಡಿಸಿ ನೋಡಬಾರದು.

ಅಮ್ಮನ ಕಟ್ಟಲೆ ಇನ್ನೂ ಕೆಲವಿದ್ದವು. ಅಂಗಳಕ್ಕೆ ಬಂದವರಿಗೆ ಮಜ್ಜಿಗೆಯನ್ನೋ ನೀರನ್ನೋ ಕೊಡದೆ ಯಾಕೆ ಬಂದೆ ಎಂದು ಕೇಳಬಾರದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸಬಾರದು. ಬೇರೆಯವರ ಮರದ ಗೊನೆ ಎಣಿಸಬಾರದು. ಅಮ್ಮನ ಮುಂದೆ ನಿಂತು ಯಾರನ್ನೂ ಬೆಟ್ಟು ಮಾಡಿ ತೋರಿಸಬಾರದು. ಮೀಸಲು ಇಡುವವಳೇ ಈ ಕಟ್ಟಲೆಗಳಿಗೂ ಒಡತಿ. ದಾಯಾದಿಗಳಲ್ಲಿ ಏನೇ ತಕರಾರು ಬರಲಿ, ಮೊದಲು ಅವಳ ಹತ್ತಿರ ಬಂದು ಅಮ್ಮ ಏನಂತಾಳೆ ಎಂದು ಕೇಳುತ್ತಿದ್ದರು. ಅಟ್ಟದ ಏಣಿ ಅವಳ ಕೋಣೆಯಲ್ಲೇ ಇರುತ್ತಿತ್ತು. ಇಷ್ಟು ದಿನ ಅದು ಹುಚ್ಚಕ್ಕನ ಕೋಣೆಯ ಗೋಡೆಗೆ ಒರಗಿತ್ತು. ಮುಂದೆ ಯಾರ ಕೋಣೆಗೆ? ಭೈರಮ್ಮನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಆ ಏಣಿ ಒಂದೇ.

ನ್ಯಾಯವಾಗಿ ಅದು ಅವಳಿಗೇ ಬರಬೇಕು. ಹಿರಿಸೊಸೆ ಎಂಬುದೊಂದು, ಕಟ್ಟಲೆಗಳನ್ನು ಅವಳಷ್ಟು ಬಿಗಿಯಾಗಿ ಯಾರು ಪಾಲಿಸುತ್ತಿದ್ದರು ಹೇಳಿ ಎಂಬುದು ಇನ್ನೊಂದು. ಬೇರೆಯವರ ತೋಟದಲ್ಲಿ ಹಾದು ಹೋಗುವಾಗ ಗೊನೆ ಕಣ್ಣಿಗೆ ಬಿದ್ದೀತೆಂದು ನೆಲ ನೋಡಿಕೊಂಡೇ ನಡೆಯುತ್ತಿದ್ದಳು; ಒಂದು ಸಲ ಹಾಗೆ ಹೋಗಿ ಎಮ್ಮೆಗೇ ಢಿಕ್ಕಿ ಹೊಡೆದಿದ್ದಳು. ಆದರೆ ಕಂದಾಯ ಕಟ್ಟುವವರು ಕಟ್ಟಿದ ಹಾಗೆ ಪಾಲಿಸುತ್ತಿದ್ದಳು, ಕಟ್ಟಿದ್ದೇನೆ ನೋಡಿ ಎಂಬ ಮುಖದಲ್ಲಿ. ಚಿಕ್ಕಗೌರಮ್ಮನಾದರೋ ಆ ಕಟ್ಟಲೆಗಳನ್ನು ತವರಿಂದ ಬಂದ ಸುದ್ದಿಯ ಹಾಗೆ ಮೆಲುಕು ಹಾಕುತ್ತಿದ್ದಳು. ಕಸ ಗುಡಿಸುವಾಗ ತನ್ನಷ್ಟಕ್ಕೆ ತಾನೇ ಹೇಳಿಕೊಂಡು ಖುಷಿಪಡುವಳು.

"ಅದೇನು ಅಷ್ಟು ಹಿಗ್ಗು ಕಣೇ ನಿಂಗೆ?" ಎಂದು ಭೈರಮ್ಮ ಒಮ್ಮೆ ಕೇಳಿದ್ದಳು.

"ಅಮ್ಮನೇ ಹೇಳವ್ಳೆ ಅಂದ್ಮೇಲೆ ನಾನು ತಲೆ ಕೆಡಿಸ್ಕಳಾದು ಅಷ್ಟು ಕಮ್ಮಿ ಆಯ್ತಲ್ಲ ಅಕ್ಕಯ್ಯ" ಎಂದು ಅವಳು ನಕ್ಕಿದ್ದಳು.

ಜನ ಬರುತ್ತಿದ್ದದ್ದು ಈ ನಗುವವಳ ಹತ್ತಿರ. ಅದೇ ಭೈರಮ್ಮನ ಹೊಟ್ಟೆಗೆ ಬಿದ್ದ ಬೆಂಕಿ. ಒಂದು ದಿನ ದಾಯಾದಿಗಳಲ್ಲಿ ಹಿರಿಯನಾದ ಅಣ್ಣಯ್ಯ ತೆಂಗಿನ ಸಾಲಿನ ವಿಷಯಕ್ಕೆ ತಮ್ಮನ ಮೇಲೆ ಕೆಂಡ ಕಾರುತ್ತಾ ಅಂಗಳಕ್ಕೆ ಬಂದ. ಭೈರಮ್ಮ ಬಾಗಿಲಲ್ಲೇ ನಿಂತು "ಏನ್ ಮಾವ, ಏನಾಯ್ತು, ಮತ್ತೆ ಜಗಳವಾ?" ಎಂದಳು. ನೀರು ತರಲು ಆಮೇಲೆ ಹೋದಳು, ಹೋಗುವುದಂತೂ ಹೋದಳಲ್ಲ! ಅವಳು ಬರುವುದರೊಳಗೆ ಚಿಕ್ಕಗೌರಮ್ಮ ಹಿತ್ತಲಿಂದ ಬಂದು ಮಜ್ಜಿಗೆ ಲೋಟ ಅವನ ಕೈಗಿಟ್ಟು ಕಂಬಕ್ಕೊರಗಿ ಕೂತಿದ್ದಳು. ಅಣ್ಣಯ್ಯ ಕುಡಿದ, ಮೀಸೆ ಒರೆಸಿಕೊಂಡ, ಇನ್ನೊಂದು ಲೋಟ ಕುಡಿದ. ಆಮೇಲೆ, "ಅವ್ನೂ ಮಕ್ಕಳೊಂದಿಗ ಅಲ್ವಾ, ಆ ಕಾಲುವೆ ಪಕ್ಕದ ಸಾಲು ಅವ್ನೇ ಇಟ್ಕಳ್ಳಿ ಬುಡು" ಎಂದು ತಾನೇ ಹೇಳಿ ಎದ್ದ. ಹೋಗುತ್ತಾ ಹುಚ್ಚಕ್ಕನಿಗೆ ಕೇಳಿಸುವಂತೆ, "ನಿನ್ನ ಕಿರಿಸೊಸೆ ಬಲು ಬುದ್ಧಿವಂತೆ ಕಣಕ್ಕ" ಎಂದ.

ಅಯ್ಯೋ ದೇವರೇ! ಆ ಚಿಕ್ಕಗೌರಮ್ಮ ತುಟಿ ಪಿಟಕ್ಕೆಂದಿರಲಿಲ್ಲ. ಮಜ್ಜಿಗೆ ಕೊಟ್ಟರೆ ಬುದ್ಧಿವಂತೆಯೇ? ಮಜ್ಜಿಗೆ ಕಡೆದವಳು ಯಾರು? ಭೈರಮ್ಮ! ಆ ದಿನ ಅವಳು ಪಾತ್ರೆ ಉಜ್ಜಿದ ಸದ್ದು ಆಚೆ ಕೇರಿಗೂ ಕೇಳಿಸಿತು. ಬೇರೆಯವರ ಮರದ ಗೊನೆ ಎಣಿಸದ ಭೈರಮ್ಮ ಅಂದಿನಿಂದ ಚಿಕ್ಕಗೌರಮ್ಮನ ಹತ್ತಿರ ಯಾರ್ಯಾರು ಬಂದು ಹೋದರು ಎಂಬುದನ್ನು ಮಾತ್ರ ತಪ್ಪದೆ ಎಣಿಸತೊಡಗಿದಳು.

ಎಪ್ಪತ್ತೇಳನೇ ಇಸವಿಯ ಅಮ್ಮನ ದಿನ ಹುಚ್ಚಕ್ಕ ಮಂಡಿ ಹಿಡಿದುಕೊಂಡು ಕೂತುಬಿಟ್ಟಳು. "ನನ್ನ ಕೈಲಿ ಏಣಿ ಹತ್ತಕ್ಕಾಗಕಿಲ್ಲ. ಈ ವರ್ಷ ನೀವಿಬ್ರೂ ಮೀಸಲು ಇಡ್ರವ್ವಾ. ಒಬ್ಬಳು ಈ ಮೂಲೆ, ಇನ್ನೊಬ್ಬಳು ಆ ಮೂಲೆ."

ಮುದುಕಿ ಅಷ್ಟೇ ಹೇಳಿದ್ದು. ಪಂದ್ಯ ಎಂದಾಗಲಿ, ಗೆದ್ದವಳಿಗೆ ಏಣಿ ಎಂದಾಗಲಿ ಅವಳ ಬಾಯಿಂದ ಬರಲಿಲ್ಲ. ಅದನ್ನೆಲ್ಲ ಭೈರಮ್ಮನೇ ಸೇರಿಸಿಕೊಂಡಳು. ಬಾವಿ ಪಕ್ಕದ ಒಳ್ಳೆಯ ಮರದ ಗುಂಡುಗುಂಡು ಕಾಯಿಗಳನ್ನು ಆರಿಸಿ, ಒರೆಸಿ, ಒಲೆಯ ಹೊಗೆ ಚೆನ್ನಾಗಿ ತಾಕುವ ಮೂಲೆಯಲ್ಲಿ ಇಟ್ಟಳು. ಚಿಕ್ಕಗೌರಮ್ಮ ತನಗಿಷ್ಟವಾದ ಕಾಲುವೆ ಪಕ್ಕದ ಸೊಟ್ಟ ಮರದ ಕಾಯಿ ತಂದು ಆಚೆ ಮೂಲೆಯಲ್ಲಿಟ್ಟು, ಕೈಮುಗಿದು, ಇಳಿದು ಹೋದಳು. ಆಮೇಲೆ ಆ ಕಡೆ ತಲೆಯೆತ್ತಿ ಸಹ ನೋಡಲಿಲ್ಲ.

ಅವಳು ನೋಡುತ್ತಿಲ್ಲ ಎಂಬುದೇ ಭೈರಮ್ಮನಿಗೆ ತಡೆಯದಾಯಿತು. ಅಷ್ಟು ಧೈರ್ಯವೇ ಇವಳಿಗೆ? ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಮಧ್ಯಾಹ್ನ, ಅತ್ತೆ ಜಗುಲಿಯಲ್ಲಿ ತೂಕಡಿಸುತ್ತಿದ್ದಾಗ, ಇಲಿ ಸದ್ದಾಯಿತೆಂಬ ನೆಪ ಮಾಡಿಕೊಂಡು ಏಣಿ ಹತ್ತಿದಳು. ಮೀಸಲು ಅಲ್ಲಾಡಿಸಬಾರದು, ನಿಜ. ಆದರೆ ಅಮ್ಮ ಹೇಳಿದ್ದು ತಾನಿಟ್ಟ ಮೀಸಲಿನ ಮಾತು. ಇನ್ನೊಬ್ಬಳು ಇಟ್ಟದ್ದನ್ನು ಅಲ್ಲಾಡಿಸಬಾರದು ಎಂದು ಹೇಳಿದ್ದಾಳೆಯೇ? ಹೊಟ್ಟೆಕಿಚ್ಚಿಗೆ ಎಷ್ಟು ಬೇಗ ಕಾನೂನು ಹೊಳೆಯುತ್ತದೆ ನೋಡಿ! ಚಿಕ್ಕಗೌರಮ್ಮನ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ತುಂಬ ಕಡಿಮೆಯಾಗಿತ್ತು. ಒಳ್ಳೆಯ ಕೊಬ್ಬರಿಯಾಗುವ ಲಕ್ಷಣ. ಈಗ ತನ್ನದು ಹೇಗಿದೆ ಎಂದು ನೋಡದೆ ಇಳಿಯುವುದಾದರೂ ಹೇಗೆ? ತನ್ನದನ್ನೂ ಅಲ್ಲಾಡಿಸಿದಳು. ಗುಳುಗುಳು ಎಂದಿತು.

ಅಲ್ಲಿಂದ ಶುರು. ನಾಲ್ಕು ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ, ಕೊನೆಕೊನೆಗೆ ದಿನವೂ ಹತ್ತಿದಳು. ಚಿಕ್ಕಗೌರಮ್ಮನ ಕಾಯಿಗೆ ಮತ್ತೆ ಕೈ ಹಾಕಲು ಅದೇನೋ ಅಳುಕು. ತನ್ನವನ್ನಂತೂ ಎತ್ತಿ, ಅಲ್ಲಾಡಿಸಿ, ಮಗ್ಗುಲು ಬದಲಿಸಿ, ಹೊಗೆಗೆ ಇನ್ನಷ್ಟು ಹತ್ತಿರ ಸರಿಸಿ ಗೋಳು ಹುಯ್ದುಕೊಂಡಳು. ತಿರುಳು ಹಸಿಯಾಗಿರುವಾಗ ಕಾಯಿಯನ್ನು ಕದಲಿಸಬಾರದು ಎಂಬುದು ಕೆಂಪಯ್ಯನ ಮಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದದ್ದು ಕಿವಿಗೆ, ಕೈ ಆ ಹೊತ್ತಿಗೆ ಹೊಟ್ಟೆಕಿಚ್ಚಿನ ಮಾತು ಕೇಳುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ತನ್ನ ಕಾಯಿ ಅಲ್ಲಾಡಿಸಿದರೆ ಒಳಗಿನ ಸದ್ದು ಮೆತ್ತಗಿತ್ತು. ಅದು ಕೊಳೆತ ಸದ್ದು. ಇನ್ನೊಂದನ್ನು ನೋಡಿದಳು, ಅದೂ ಹಾಗೇ. ಭೈರಮ್ಮ ಅಟ್ಟದ ಧೂಳಿನಲ್ಲಿ ಕುಕ್ಕರಿಸಿ ಅತ್ತುಬಿಟ್ಟಳು. ಅತ್ತು ಕಣ್ಣೊರೆಸಿಕೊಂಡು, ಚಿಕ್ಕಗೌರಮ್ಮನ ಕಾಯಿಗಳನ್ನೆಲ್ಲ ತನ್ನ ಮೂಲೆಗೆ ತಂದಿಟ್ಟಳು. ತನ್ನವನ್ನು ಆ ಮೂಲೆಗೆ ಸಾಗಿಸಿದಳು.

ಎಪ್ಪತ್ತೆಂಟರ ಅಮ್ಮನ ದಿನ ದಾಯಾದಿಗಳೆಲ್ಲ ಹೊಂಗೆಮರದಡಿ ಸೇರಿದರು. ಅಣ್ಣಯ್ಯ ಒಂದೊಂದೇ ಕಾಯಿ ಸುಲಿದು ಒಡೆದ. ಭೈರಮ್ಮನ ಮೂಲೆಯದೆಂದು ತಂದವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ, ಉಂಡೆ ಉಂಡೆ ಕೊಬ್ಬರಿ. ಚಿಕ್ಕಗೌರಮ್ಮನ ಮೂಲೆಯ ಮೊದಲ ಕಾಯಿ ಒಡೆದಾಗಲೇ ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡರು. ಎರಡನೆಯದೂ ಹಾಗೇ. ಅಣ್ಣಯ್ಯ ಮೂರನೆಯದಕ್ಕೆ ಕೈ ಹಾಕಲಿಲ್ಲ.

ಚಿಕ್ಕಗೌರಮ್ಮ ಆ ಒಡೆದ ಕಾಯಿಗಳ ಸಿಪ್ಪೆಯನ್ನು ನೋಡಿದಳು. ಆಮೇಲೆ ಭೈರಮ್ಮನ ಕಡೆ ನೋಡಿದಳು. ಭೈರಮ್ಮ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು. ಚಿಕ್ಕಗೌರಮ್ಮ ಅಮ್ಮನ ಕಡೆ ತಿರುಗಿ ಕೈಮುಗಿದಳು.

ಯಾರಿಟ್ಟ ಮೀಸಲು ಕೆಟ್ಟಿತೋ ಅವಳಿಗೂ ಒಂದು ಕಟ್ಟಲೆ ಇತ್ತು. ಮುಂದಿನ ಮೀಸಲು ಒಡೆಯುವವರೆಗೆ ಅವಳು ತೆಂಗು ಬಾಯಿಗಿಡಬಾರದು. ಬೇರೆ ಸೀಮೆಯವರು ಕೇಳಿದರೆ ಇದೇನು ದೊಡ್ಡ ಶಿಕ್ಷೆ ಎಂದಾರು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಗೊತ್ತು. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿಗೆ ಕಾಯಿ, ಹಬ್ಬದ ಒಬ್ಬಟ್ಟಿಗೆ ಕಾಯಿ, ಬಿಸಿಲಲ್ಲಿ ಬಂದರೆ ಎಳನೀರು, ಬೇಜಾರಾದರೆ ಬೆಲ್ಲ-ಕೊಬ್ಬರಿ. ತೆಂಗು ಬಿಟ್ಟು ಉಣ್ಣು ಎಂದರೆ ಬರೀ ಮುದ್ದೆ ನುಂಗು ಎಂದ ಹಾಗೆ.

ಆ ಸಂಜೆ ಹುಚ್ಚಕ್ಕ, "ಏಣಿ ನಿನ್ನ ಕ್ವಾಣೆಗೆ ತಗಂಡೋಗು ಭೈರೀ" ಎಂದಳು. ಭೈರಮ್ಮ ಏಣಿ ತಂದು ತನ್ನ ಗೋಡೆಗೆ ಒರಗಿಸಿದಳು. ಹೊಸ ಸೀರೆ ಬಂದವಳು ನೋಡುವ ಹಾಗೆ ಎರಡು ಮೂರು ಸಲ ಎದ್ದು ಹೋಗಿ ನೋಡಿದಳು. ಸಂತೋಷವಾಯಿತೇ? ಆಯಿತು. ಒಂದು ವಾರ ಚೆನ್ನಾಗೇ ಆಯಿತು.

ಆಮೇಲೆ ನಿತ್ಯದ ಅಡಿಗೆ ಇತ್ತಲ್ಲ. ಒಲೆ ಭೈರಮ್ಮನದು. ಮನೆಮಂದಿಗೆಲ್ಲ ಕಾಯಿ ರುಬ್ಬಿ ಸಾರು ಮಾಡಿ, ಚಿಕ್ಕಗೌರಮ್ಮನಿಗೆಂದು ಬೇರೆ ಪುಟ್ಟ ಪಾತ್ರೆಯಲ್ಲಿ ಹುಳಿ ಖಾರದ ನೀರು ಕುದಿಸಬೇಕು. ತಾನು ಕೆಡಿಸಿದ ಮೀಸಲಿನ ಶಿಕ್ಷೆಯನ್ನು ತಾನೇ ಕೈಯಾರೆ ಬೇಯಿಸಿ ಇನ್ನೊಬ್ಬಳ ತಟ್ಟೆಗೆ ಬಡಿಸಬೇಕು. ಅವಳು, "ಖಾರ ಸರ್ಯಾಗೈತೆ ಅಕ್ಕಯ್ಯ" ಎಂದು ಉಣ್ಣುವಳು. ಭೈರಮ್ಮನಿಗೆ ಇದು ನಾಟಕ ಎನ್ನಿಸಿತು. ಇಷ್ಟು ಸಲೀಸಾಗಿ ಯಾರಾದರೂ ಬಿಡುತ್ತಾರೆಯೇ? ಎಲ್ಲೋ ಕದ್ದು ತಿನ್ನುತ್ತಿರಬೇಕು. ಹಿಡಿದೇ ಹಿಡಿಯುತ್ತೇನೆ ಎಂದು ತುರಿದ ಕಾಯಿಯ ತಟ್ಟೆಯನ್ನು ಅವಳ ಕೈಗೆಟುಕುವ ಕಡೆ ಇಟ್ಟು ಹಿತ್ತಲಿಗೆ ಹೋಗಿ ಕಿಂಡಿಯಲ್ಲಿ ಇಣುಕಿದಳು. ಚಿಕ್ಕಗೌರಮ್ಮ ತಟ್ಟೆ ನೋಡಿದಳು, ನೊಣ ಕೂರದ ಹಾಗೆ ಮೇಲೊಂದು ತಟ್ಟೆ ಮುಚ್ಚಿದಳು, ಹೋದಳು. ಭೈರಮ್ಮ ಸೌದೆ ರಾಶಿಯ ಮೇಲೆ ಕೂತು ಮೈ ಪರಚಿಕೊಂಡಳು.

ಏಣಿ ಬಂದರೂ ಜನ ಬರಲಿಲ್ಲ ಎಂದಲ್ಲ, ಬಂದರು. ಬಂದವರಿಗೆ ಭೈರಮ್ಮ ಕಟ್ಟಲೆಗಳನ್ನು ಒಂದೂ ಬಿಡದೆ ಪಟಪಟನೆ ಒಪ್ಪಿಸುತ್ತಿದ್ದಳು. ಅವರು ಹ್ಞೂಂ ಹ್ಞೂಂ ಎಂದು ಕೇಳಿ, ಹಿತ್ತಲ ಕಡೆ ಒಂದು ಸುತ್ತು ಹಾಕಿ, ಚಿಕ್ಕಗೌರಮ್ಮನ ಹತ್ತಿರ ಕೂತು ಎದ್ದು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉರಿ ಎಂದರೆ, ಊರೆಲ್ಲ ಈಗ ಅವಳ ವ್ರತವನ್ನೇ ಕೊಂಡಾಡತೊಡಗಿತು. ಮದುವೆ ಮನೆಯಲ್ಲಿ ಹೋಳಿಗೆ ಬೇಡವೆಂದಳಂತೆ. ಬೇಸಿಗೆಯಲ್ಲಿ ಕಳೆ ಕೀಳಲು ಹೋದಾಗ ಎಳನೀರು ಕೊಟ್ಟರೆ ಕೈಮುಗಿದು ಬಾವಿ ನೀರು ಕುಡಿದಳಂತೆ. ಯಾರೂ ಇಲ್ಲದ ಕಡೆಯೂ ಮುಟ್ಟಲಿಲ್ಲವಂತೆ. ಶಿಕ್ಷೆಯಲ್ಲೂ ಹೆಸರು ತಗೊಂಡಳಲ್ಲ! ಭೈರಮ್ಮ ಕಾಯಿ ಹಾಕಿದ ಸಾರನ್ನು ಕಲಸಿಕೊಂಡು ಕೂತವಳು ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದಳು. ಆ ವರ್ಷ ತಾನೊಬ್ಬಳೇ ಇಟ್ಟ ಮೀಸಲಿನ ಕಡೆ ಅವಳು ಹೋಗಲಿಲ್ಲ. ಏಣಿ ಕೋಣೆಯಲ್ಲೇ ಇದ್ದರೂ ಅದನ್ನು ಮುಟ್ಟಲು ಭಯ. ಅವಳ ಭಯ ಅಮ್ಮನದಲ್ಲ, ತನ್ನ ಕೈಯದು.

ಎಪ್ಪತ್ತೊಂಬತ್ತರ ಅಮ್ಮನ ದಿನ ಮೀಸಲು ಒಡೆದರು. ಕೊಬ್ಬರಿ ಚೆನ್ನಾಗಿ ಬಂದಿತ್ತು. ಅಣ್ಣಯ್ಯ ಮೊದಲ ಚೂರನ್ನು ಭೈರಮ್ಮನ ಕೈಗೆ ಕೊಟ್ಟು, ಎರಡನೆಯದನ್ನು ಚಿಕ್ಕಗೌರಮ್ಮನ ವ್ರತ ಬಿಡಿಸಲು ಎತ್ತಿ ಹಿಡಿದು ಎಲ್ಲರ ಕಡೆ ತಿರುಗಿದ. "ನೋಡ್ರಪ್ಪಾ, ಅಮ್ಮನ ಮಾತು ಕೇಳಾದು ಅಂದ್ರೆ ಹಿಂಗೆ. ವರ್ಷಪೂರ್ತಿ ತೆಂಗು ಮುಟ್ಟಲಿಲ್ಲ, ಒಂದಿನ ಮುಖ ಸಣ್ಣಗೆ ಮಾಡ್ಲಿಲ್ಲ. ಇಂಥ ಹೆಣ್ಣುಮಗಳು ಈ ವಂಶದಾಗೆ ಇನ್ನೊಬ್ಬಳಿಲ್ಲ!"

ಹೆಂಗಸರೆಲ್ಲ ಹೌದು ಹೌದು ಎಂದರು. ಒಬ್ಬಳಂತೂ ಚಿಕ್ಕಗೌರಮ್ಮನ ಗಲ್ಲ ಹಿಡಿದು ಲಟಿಗೆ ಮುರಿದಳು. ಭೈರಮ್ಮನ ಹೊಟ್ಟೆಯಿಂದ ಎದ್ದ ಉರಿ ಎದೆಗೆ, ಎದೆಯಿಂದ ಬಾಯಿಗೆ ಬಂತು.

"ಅದು ನಂದು ಕಣ್ರೀ!" ಎಂದು ಕಿರುಚಿದಳು.

ಎಲ್ಲರೂ ತಿರುಗಿದರು. ಕೊಬ್ಬರಿ ಚೂರು ತನ್ನದು ಎನ್ನುತ್ತಿದ್ದಾಳೆಂದು ತಿಳಿದು ಅಣ್ಣಯ್ಯ, "ನಿಂಗೆ ಕೊಟ್ಟಾಯ್ತಲ್ಲವ್ವ" ಎಂದ.

"ಚೂರಲ್ಲ ಮಾವ, ವ್ರತ! ಆ ವ್ರತ ನಂದು! ಕೊಳೆತಿದ್ದು ನನ್ನ ಕಾಯಿ. ನಾನೇ ಅಲ್ಲಾಡಿಸಿ ಅಲ್ಲಾಡಿಸಿ ಕೆಡಿಸ್ದೆ, ನಾನೇ ಮೂಲೆ ಬದಲಾಯಿಸ್ದೆ. ನಾನು ಬುಡಬೇಕಿತ್ತು ತೆಂಗ. ನನ್ನ ಪಾಲಿಂದನ್ನೂ ಇವಳೇ ಹೊತ್ಕಂಡು ಹೊಗಳಿಸ್ಕಂತಾವ್ಳೆ!"

ಹೇಳಿ ಮುಗಿದ ಮೇಲೆಯೇ ತಾನು ಏನು ಹೇಳಿದೆ ಎಂಬುದು ಭೈರಮ್ಮನಿಗೆ ತಿಳಿದದ್ದು. ಪಶ್ಚಾತ್ತಾಪ, ಧರ್ಮ ಎಂದೆಲ್ಲ ಯಾರೂ ಅವಳ ಪರವಾಗಿ ಹೇಳುವುದು ಬೇಡ; ಆ ಸತ್ಯವನ್ನು ಹೊರಗೆ ತಂದದ್ದು ಶುದ್ಧ ಹೊಟ್ಟೆಕಿಚ್ಚು. ಗಂಗಯ್ಯ ಬೆರಗಾಗಿ ಅತ್ತಿಗೆಯನ್ನು ನೋಡಿದ. ಶ್ರೀರಂಗಯ್ಯ ತಲೆ ತಗ್ಗಿಸಿದ. ಹುಚ್ಚಕ್ಕ ಕೂತಲ್ಲಿಂದಲೇ, "ಭೈರೀ, ಕೈಲಿರೋ ಚೂರು ಕೆಳಗಿಡು" ಎಂದಳು. ಭೈರಮ್ಮ ಇಟ್ಟಳು. "ಏಣಿ ಗೌರಿ ಕ್ವಾಣೆಗೆ ಹೋಗಲಿ" ಎಂದಳು. ಅಷ್ಟೇ. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಅಣ್ಣಯ್ಯ ಎರಡನೆಯ ಚೂರನ್ನು ಚಿಕ್ಕಗೌರಮ್ಮನ ಕೈಗಿಟ್ಟ. ಒಂದು ವರ್ಷದ ಮೇಲೆ ಸಿಕ್ಕಿದ ಕೊಬ್ಬರಿ. ಅವಳು ಅದನ್ನು ಅಗಿಯುತ್ತಾ ಅಳುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಭೈರಮ್ಮ ಕೇಳಿದಳು. "ನಿಂಗೆ ಗೊತ್ತಿತ್ತಾ?"

"ನಾನಿಟ್ಟ ಕಾಯಿ ನಂಗೆ ಗೊತ್ತಾಗಕಿಲ್ವಾ ಅಕ್ಕಯ್ಯ? ಸೊಟ್ಟ ಮರದ್ದು ಮೂತಿ ಚೂಪು. ಕೊಳೆತಿದ್ದು ಗುಂಡಗಿತ್ತು."

"ಮತ್ಯಾಕೆ ಬಾಯಿ ಬುಡಲಿಲ್ಲ?"

"ಅಮ್ಮನ ಮುಂದೆ ಬೆಟ್ಟು ಮಾಡಬಾರದಲ್ಲ. ಮೀಸಲು ಕೆಟ್ಟಿದ್ದಂತೂ ದಿಟ, ಮನೇಲಿ ಯಾರಾದ್ರೂ ಒಬ್ರು ಬುಡಬೇಕಿತ್ತು. ಯಾರು ಬುಟ್ರೇನು?"

ಈ ಉತ್ತರಕ್ಕೂ ಭೈರಮ್ಮನ ಹೊಟ್ಟೆ ಉರಿಯಿತು.

ಅವಳ ತೆಂಗಿಲ್ಲದ ವರ್ಷ ಅಂದೇ ಶುರುವಾಯಿತು. ತನ್ನನ್ನೂ ಜನ ಹೊಗಳಿಯಾರು ಎಂದು ಒಳಗೊಳಗೇ ಕಾದಳು, ಸುಳ್ಳೇಕೆ? ಯಾರೂ ಹೊಗಳಲಿಲ್ಲ. "ಮಾಡಿದ್ದು ಉಣ್ತಾವ್ಳೆ" ಎಂದರು. ಕದ್ದು ತಿಂದರೂ ಯಾರೂ ಇಣುಕಿ ನೋಡುವವರಿರಲಿಲ್ಲ. ನೋಡುವವರಿಲ್ಲದೆ ಒಂದು ಕಟ್ಟಲೆ ಪಾಲಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಮೊದಮೊದಲು ಬರೀ ಮೈಯಲ್ಲಿ ಬೀದಿಗೆ ಬಂದ ಹಾಗೆ ಅನ್ನಿಸಿತು. ಆಮೇಲಾಮೇಲೆ, ಎಳನೀರು ಬೇಡವೆಂದು ಬಾವಿಯ ನೀರು ಸೇದಿ ಕುಡಿಯುವಾಗ, ಇದು ನನಗೂ ಅಮ್ಮನಿಗೂ ಮಾತ್ರ ಗೊತ್ತಿರುವ ವಿಷಯ ಎಂದು ಸಣ್ಣಗೆ ಒಂದು ಖುಷಿ ಆಗತೊಡಗಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಚಿಕ್ಕಗೌರಮ್ಮ ತಾನೇ ಒಲೆಯ ಮುಂದೆ ಕೂತು ಅವಳಿಗೆಂದು ಬೇರೆ ಸಾರು ಮಾಡುತ್ತಿದ್ದಳು. ಮೊದಲ ದಿನ ತುತ್ತು ಬಾಯಿಗಿಟ್ಟ ಭೈರಮ್ಮ ನಿಲ್ಲಿಸಿಬಿಟ್ಟಳು. ಘಮಘಮ ಅನ್ನುತ್ತಿತ್ತು. "ಇದಕ್ಕೇನ್ ಹಾಕಿದ್ದೀಯೇ?"

"ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕಿವ್ನಿ ಅಕ್ಕಯ್ಯ."

ವರ್ಷಪೂರ್ತಿ ತಾನು ಇವಳಿಗೆ ಹುಳಿನೀರು ಬಡಿಸಿದೆನಲ್ಲ! ಹುಚ್ಚೆಳ್ಳಿನ ಮಡಕೆ ತನ್ನ ಕೈ ಹತ್ತಿರವೇ ಇತ್ತು. ತೆಂಗು ಬೇಡ ಎಂದಿದ್ದಳೇ ಹೊರತು ರುಚಿ ಬೇಡ ಎಂದು ಅಮ್ಮ ಎಲ್ಲಿ ಹೇಳಿದ್ದಳು? ಭೈರಮ್ಮನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳಿ ಮೂಗೊರೆಸಿಕೊಂಡಳು.

"ನಿಂಗೆ ಇಂಥ ಬುದ್ಧಿಯೆಲ್ಲ ಎಲ್ಲಿಂದ ಬತ್ತದೆ ಕಣೇ? ಒಂದ್ಸಲನಾದ್ರೂ ನಿಜ ಹೇಳು."

"ನಂಗೇನ್ ಬುದ್ಧಿ? ಅಮ್ಮ ಬ್ಯಾಡ ಅಂದಿದ್ದ ಬುಟ್ಟಾಕಿದ್ರೆ ಮಿಕ್ಕಿದ್ದೆಲ್ಲ ತಾನೇ ಕಾಣಿಸ್ತದೆ ಅಕ್ಕಯ್ಯ. ಅದೇ ಬೇಕು ಅಂತ ಅದ್ನೇ ನೋಡ್ತಾ ಕೂತ್ರೆ ಮಡಕೆ ಹೆಂಗೆ ಕಾಣಿಸ್ತದೆ?"

ಸಾರಿನಲ್ಲೂ ಗೆದ್ದಳು ಎಂದುಕೊಂಡಳು ಭೈರಮ್ಮ. ಆದರೂ ಇನ್ನೊಂದು ಸೌಟು ಹಾಕಿಸಿಕೊಂಡಳು.

ಮುಂಗಾರು ಹಿಡಿಯುವ ಮುಂಚೆ ಒಂದು ದಿನ ಚಿಕ್ಕಗೌರಮ್ಮ ಹೆಂಚು ಜರುಗಿದೆಯೋ ಎಂದು ನೋಡಲು ಅಟ್ಟ ಹತ್ತಿದಳು. ಭೈರಮ್ಮ ಕೆಳಗೆ ಏಣಿ ಹಿಡಿದು ನಿಂತಳು. ತನ್ನ ಕೋಣೆಯಲ್ಲಿದ್ದ ಏಣಿ. ಅದರ ಮೇಲೆ ಅವಳ ಕಾಲು. ಉರಿ ಹೋಗಿತ್ತೇ ಎಂದರೆ ಇಲ್ಲ, ಕೆಂಡ ಬೂದಿಯೊಳಗೆ ಇದ್ದೇ ಇತ್ತು. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಅಣ್ಣಯ್ಯ. ಮುಖ ಕಪ್ಪಿಟ್ಟಿತ್ತು.

"ಗೌರಿ ಇಲ್ವೇನವ್ವ?"

ಬಂದವರೆಲ್ಲ ಅವಳನ್ನೇ ಕೇಳುತ್ತಾರಲ್ಲ! ಏನು ಬೇಕಿತ್ತು ಎಂಬ ಮಾತು ಭೈರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಮ್ಯಾಲೇ ಕೂತಿರು ಕಣೇ, ನಾನು ಬರಾಗಂಟ ಇಳೀಬ್ಯಾಡ" ಎಂದು ಅಟ್ಟಕ್ಕೆ ಕೂಗಿ ಹೇಳಿ, ಒಳಗೆ ಹೋಗಿ ಮಜ್ಜಿಗೆಗೆ ಉಪ್ಪು ಹಾಕಿ ತಂದು ಅಣ್ಣಯ್ಯನ ಕೈಗಿಟ್ಟಳು. ಕಂಬಕ್ಕೊರಗಿ ಕೂತಳು. ಅವನು ಕುಡಿದ. ಅವಳು ಕೇಳಲಿಲ್ಲ. ಅವನು ಲೋಟದ ತಳ ನೋಡುತ್ತಾ ಕೂತ. ಅವಳು ಆಗಲೂ ಕೇಳಲಿಲ್ಲ, ಎದ್ದು ಹೋಗಿ ಇನ್ನೊಂದು ಲೋಟ ತಂದಳು. ಆಮೇಲೆ ಅವನೇ ಶುರುಮಾಡಿದ.

ಏನು ಹೇಳಿದ ಎಂದು ಕೇಳಬೇಡಿ, ಯಾರಿಗೂ ಗೊತ್ತಿಲ್ಲ. ಬಹಳ ಹೊತ್ತು ಮಾತಾಡಿದ, ಮಧ್ಯೆ ಒಂದು ಸಲ ಟವೆಲಿನಿಂದ ಕಣ್ಣೊರೆಸಿಕೊಂಡ, ಕೊನೆಗೆ "ಹಂಗೇ ಮಾಡ್ತೀನಿ ಕಣವ್ವ" ಎಂದು ಎದ್ದ ಎಂಬಷ್ಟು ಮಾತ್ರ ಎದುರು ಮನೆಯವರು ಕಂಡದ್ದು. ಭೈರಮ್ಮ ಹೀಗೆ ಮಾಡು, ಹಾಗೆ ಮಾಡು ಎಂದು ಏನೂ ಹೇಳಿರಲಿಲ್ಲ. ಗೌರಿಯನ್ನು ಕರೆಯಲೇ ಎಂದು ಕೇಳಿದ್ದಕ್ಕೆ ಅವನು, "ಬ್ಯಾಡ, ಈಗ ಸರಿಹೋಯ್ತು, ಬತ್ತೀನಿ" ಎಂದು ಹೊರಟುಹೋದ.

ಭೈರಮ್ಮ ಏಣಿಯ ಹತ್ತಿರ ಬಂದು ಹಿಡಿದುಕೊಂಡಳು. ಚಿಕ್ಕಗೌರಮ್ಮ ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಇಳಿದಳು.

"ಯಾರು ಬಂದಿದ್ದು ಅಕ್ಕಯ್ಯ?"

"ಅಣ್ಣಯ್ಯ ಮಾವ."

"ನನ್ನ ಕೂಗಬಾರದಿತ್ತಾ? ಏನಂತೆ?"

ಭೈರಮ್ಮನ ಬಾಯಿ ತೆರೆದಿತ್ತು. ನನ್ನ ಹತ್ತಿರ ಬಂದ, ನನ್ನ ಮುಂದೆ ಅತ್ತ, ಹೀಗೆ ಹೀಗೆ ಅಂದ ಎಂದು ಕೂಗಿ ಕೂಗಿ ಹೇಳಬೇಕೆಂದು ಇಷ್ಟು ವರ್ಷ ಕಾದಿದ್ದ ಬಾಯಿ ಅದು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಮಜ್ಜಿಗೆ ಕುಡ್ಕಂಡು ಹೋದ್ರು."

"ಅಷ್ಟೇನಾ? ಅಷ್ಟೊತ್ತು ಕೂತಿದ್ರಲ್ಲ, ನಂಗೆ ಮ್ಯಾಲಕ್ಕೆ ಗುಜುಗುಜು ಕೇಳಿಸ್ತಿತ್ತು. ಏನಂದ್ರು ಹೇಳಕ್ಕಯ್ಯ."

"ಅದು ಹೇಳಂಗಿಲ್ಲ ಕಣೇ, ಅಮ್ಮನ ಕಟ್ಟಲೆ."

ಚಿಕ್ಕಗೌರಮ್ಮ ತಲೆಯ ಬಲೆ ಬಿಡಿಸಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು. ಒಂದೇ ಒಂದು ಗಳಿಗೆ ಅವಳ ತುಟಿ ಬಿಗಿಯಿತು, ಹುಬ್ಬು ಗಂಟಾಯಿತು. ಆ ಮುಖವನ್ನು ಊರಲ್ಲಿ ಬೇರೆ ಯಾರು ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಭೈರಮ್ಮ ಹಿಡಿದಳು. ಇಷ್ಟು ವರ್ಷ ತಾನೇ ಹೊತ್ತ ಮುಖ ಅದು; ಅದರ ಒಳಗೂ ಹೊರಗೂ ಅವಳಿಗೆ ಗೊತ್ತಿತ್ತು.

"ಬಾ, ಕೂತ್ಕೊ" ಎಂದಳು. "ನಿಂಗೂ ಮಜ್ಜಿಗೆ ತತ್ತೀನಿ."